ಹಳೆಯ ಹಡಗು, ಹಳೆಯ ಬಂಗಲೆ: ಬ್ರಿಟಿಷ್ ಪ್ರವಾಸಿಗರಿಗಾಗಿ ನಡೆದ ನವೀಕರಣಗಳ ಚರಿತ್ರೆ

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಚೆಟ್ಟಳ್ಳಿಯ ಸುತ್ತ ಕಾಣುವುದು ಕಾಫಿ ತೋಟ, ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ, ತೋಟಗಾರಿಕಾ ಪ್ರಯೋಗ ಕೇಂದ್ರ. ಸಮುದ್ರ ಇಲ್ಲಿಂದ ಘಟ್ಟದಾಚೆ ದೂರವಿದೆ. ಆದರೂ ಈ ಸೀಮೆಯ ತೋಟಗಳ ಚರಿತ್ರೆಯನ್ನು ಹಡಗಿನ ಮಾತೆತ್ತದೆ ಬರೆಯಲಾಗದು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ತೆರೆದ. ಮರುವರ್ಷ ಸಂಪಾಜೆ ಘಾಟಿಯಲ್ಲಿ ಮಾನ್, 1856ರಲ್ಲಿ ಪೆರುಂಬಾಡಿ ಘಾಟಿಯಲ್ಲಿ ಡಾ. ಮ್ಯಾಕ್ಸ್‌ವೆಲ್ ಕಾಡು ಕಡಿಸಿ ಗಿಡ ಇಡಿಸಿದರು. 1857ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಆನಂದರಾವ್ ಕೌಂಡಿನ್ಯರು ಸಿದ್ದಾಪುರದ ಕಡೆ ಆನಂದಪುರವನ್ನೂ ಅದರ ತೋಟವನ್ನೂ ಕಟ್ಟಿದರು. ಬೆಳೆದ ಕಾಫಿ ಎತ್ತಿನ ಗಾಡಿಯಲ್ಲಿ ಮಂಗಳೂರಿಗೋ ತಲಶ್ಶೇರಿಗೋ ಇಳಿದು ಹಡಗು ಹತ್ತುತ್ತಿತ್ತು. ತೋಟದ ದೊರೆಗಳು ಊರಿಗೆ ಹೋಗಿಬರುವುದೂ ಹಡಗಿನಲ್ಲೇ.

ಆ ದೊರೆಗಳನ್ನು ಹೊತ್ತ ಹಡಗುಗಳಿಗೂ ಅವರು ಬಿಟ್ಟುಹೋದ ಬಂಗಲೆಗಳಿಗೂ ಮುಂದೆ ಒಂದೇ ಗತಿ ಬಂತು. ಎರಡೂ ತಮ್ಮ ಮೂಲ ಕೆಲಸ ಕಳೆದುಕೊಂಡವು. ಎರಡನ್ನೂ ರಜೆಗೆ ಬರುವವರಿಗಾಗಿ ಹೊಸದಾಗಿ ಸಜ್ಜುಗೊಳಿಸಲಾಯಿತು. ಬಂಗಲೆಗಳ ಈ ಮಾರ್ಪಾಡು ಕೊಡಗಿನವರಿಗೆ ಕಣ್ಣೆದುರಿನ ಸಂಗತಿ. ಹಡಗುಗಳದ್ದು ಇಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನವೀಕರಣ ಎಂದರೆ ಬಣ್ಣ ಬಳಿದು ಹೊಸ ಹಾಸಿಗೆ ಹಾಕುವುದಷ್ಟೇ ಅಲ್ಲ. ಯಾರ ಅಭ್ಯಾಸಕ್ಕೆ ಯಾವ ಗೋಡೆ ಒಡೆಯಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ಆಯ್ಕೆ ಅದರ ಹಿಂದೆ ಇರುತ್ತದೆ. ಆ ಆಯ್ಕೆಯನ್ನು ಹಿಂಬಾಲಿಸುವುದು ಈ ಲೇಖನದ ಉದ್ದೇಶ.

ಮೊದಲ ಉದಾಹರಣೆಯೇ ನಮ್ಮ ದಾರಿಯದು. ಪೂರ್ವದೇಶಗಳ ಅಂಚೆ ಸಾಗಾಟಕ್ಕಾಗಿ 1858ರಲ್ಲಿ ಕಟ್ಟಿದ ಪಿ ಅಂಡ್ ಓ ಕಂಪನಿಯ ‘ಸಿಲೋನ್’ 1881ರ ಹೊತ್ತಿಗೆ ಹಳೆಯದಾಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬಂದ ವೇಗದ ಉಗಿಹಡಗುಗಳ ಮುಂದೆ ಅದು ನಿಲ್ಲುವಂತಿರಲಿಲ್ಲ. ಓಷಿಯಾನಿಕ್ ಯಾಟಿಂಗ್ ಕಂಪನಿ ಅದನ್ನು ಕೊಂಡು, ಸಿರಿವಂತರ ವಿಹಾರಕ್ಕೆ ಒಗ್ಗುವಂತೆ ಮಾಡಿ, ಜಗತ್ತನ್ನು ಸುತ್ತಲು ಹೊರಡಿಸಿತು. ಪಿ ಅಂಡ್ ಓ ತಾನೇ ಇಂಥ ಕೆಲಸಕ್ಕೆ ಇಳಿದದ್ದು 1904ರಲ್ಲಿ. 1881ರ ತನ್ನ ‘ರೋಮ್’ ಹಡಗನ್ನು ಮೊದಲ ದರ್ಜೆಯವರಿಗೆ ಮಾತ್ರ ಮೀಸಲಾದ ವಿಹಾರ ನೌಕೆಯಾಗಿ ಬದಲಿಸಿ ‘ವೆಕ್ಟಿಸ್’ ಎಂದು ಹೆಸರಿಟ್ಟಿತು. ಮುಖ್ಯ ಮಾರ್ಗದಲ್ಲಿ ಸೋತ ಹಡಗು ವಿಹಾರದಲ್ಲಿ ಬದುಕುತ್ತದೆ ಎಂಬ ಲೆಕ್ಕಾಚಾರಕ್ಕೆ ಇಷ್ಟು ಹಳೆಯ ಬೇರಿದೆ.

ಎರಡನೆಯ ಮಹಾಯುದ್ಧದ ನಂತರ ಹೀಗೆ ಸೋತ ಹಡಗುಗಳ ಸಂಖ್ಯೆ ಬೆಳೆಯಿತು. 1947ರ ಬಳಿಕ ಅಧಿಕಾರಿಗಳು, ಸೈನಿಕರು, ತೋಟದ ಮ್ಯಾನೇಜರುಗಳು ಹೋಗಿಬರುವ ಸಂಚಾರ ಇಳಿಯಿತು. ಉಳಿದವರನ್ನು ಜೆಟ್ ವಿಮಾನ ಸೆಳೆಯಿತು. 1967ರಲ್ಲಿ ಮುಚ್ಚಿದ ಸೂಯೆಜ್ ಕಾಲುವೆ 1975ರವರೆಗೂ ತೆರೆಯಲಿಲ್ಲ. ಈ ಹೊತ್ತಿನಲ್ಲಿ ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿ ಹಿಡಿದ ದಾರಿ ಕುತೂಹಲದ್ದು. 1937ರಲ್ಲಿ ಸೈನ್ಯದ ಸಾಗಾಟಕ್ಕೆಂದೇ ಕಟ್ಟಿದ್ದ ‘ಡುನೇರಾ’ವನ್ನು 1961ರಲ್ಲಿ ಶಾಲಾ ಮಕ್ಕಳ ಪ್ರವಾಸದ ಹಡಗಾಗಿ ಮಾಡಿತು. ಸಿಪಾಯಿಗಳು ಮಲಗುತ್ತಿದ್ದ ದೊಡ್ಡ ಕೋಣೆಗಳು ವಿದ್ಯಾರ್ಥಿಗಳ ವಸತಿಯಾದವು, ಜೊತೆಗೆ ತರಗತಿಗಳು ಬಂದವು. ಹಡಗಿನ ಒಡಲನ್ನು ಹೆಚ್ಚು ಕೆಡಿಸದೆ ಹೊಸ ಪ್ರಯಾಣಿಕರನ್ನು ಹುಡುಕಿಕೊಂಡ ಜಾಣ ಮಾರ್ಪಾಡು ಇದು. ಲಂಡನ್ನಿನಿಂದ ಪೂರ್ವ ಆಫ್ರಿಕಕ್ಕೆ ಓಡುತ್ತಿದ್ದ 1952ರ ‘ಉಗಾಂಡಾ’ದ ಮಾರ್ಪಾಡು ಇನ್ನೂ ದೊಡ್ಡದು. 1967-68ರಲ್ಲಿ ಹ್ಯಾಂಬರ್ಗಿನಲ್ಲಿ ಅದರ ಸರಕಿನ ಗೋದಾಮುಗಳ ಜಾಗದಲ್ಲಿ ಮಕ್ಕಳ ವಸತಿ ಎದ್ದಿತು. ಸುಮಾರು 900 ವಿದ್ಯಾರ್ಥಿಗಳು, 300ರಷ್ಟು ಕ್ಯಾಬಿನ್ ಪ್ರಯಾಣಿಕರು ಒಟ್ಟಿಗೆ ಹೋಗಬಹುದಿತ್ತು. ಕ್ಯಾಬಿನ್ ಪ್ರಯಾಣಿಕರ ಹಳೆಯ ಮರದ ಹಲಗೆಯ ಕೋಣೆಗಳನ್ನು ಮಾತ್ರ ಹಾಗೆಯೇ ಉಳಿಸಿದರು. 1982ರ ಫಾಕ್ಲೆಂಡ್ಸ್ ಯುದ್ಧದಲ್ಲಿ ಇದೇ ಹಡಗು ಆಸ್ಪತ್ರೆಯಾಯಿತು.

‘ಕ್ಯಾನ್‌ಬೆರಾ’ದ ಕಥೆ ಬ್ರಿಟನ್ನಿನಲ್ಲಿ ಬಹಳ ಜನಪ್ರಿಯ. ಬೆಲ್‌ಫಾಸ್ಟಿನಲ್ಲಿ ಕಟ್ಟಿ 1961ರಲ್ಲಿ ಆಸ್ಟ್ರೇಲಿಯದ ಮಾರ್ಗಕ್ಕೆ ಇಳಿಸಿದ ಸುಮಾರು 45,000 ಟನ್ನಿನ ಹಡಗು ಇದು. 1973ರಲ್ಲಿ ನ್ಯೂಯಾರ್ಕಿನಿಂದ ಅಮೆರಿಕನ್ನರನ್ನು ಕರೆದೊಯ್ಯುವ ಪ್ರಯತ್ನ ಸೋತಿತು. ಗುಜರಿಗೆ ಹೋಗಬೇಕಿದ್ದ ಹಡಗನ್ನು ಉಳಿಸಿದ್ದು ಸೌತಾಂಪ್ಟನ್ನಿನಿಂದ ಹೊರಡುವ ಒಂದೇ ದರ್ಜೆಯ ವಿಹಾರ. ಮೊದಲ ದರ್ಜೆ, ಟೂರಿಸ್ಟ್ ದರ್ಜೆ ಎಂದು ಹಡಗನ್ನು ಸೀಳಿದ್ದ ಅಡ್ಡಗಳನ್ನು ತೆಗೆದು ಎಲ್ಲ ಡೆಕ್ಕುಗಳನ್ನೂ ಎಲ್ಲರಿಗೂ ಬಿಡಲಾಯಿತು. ಸ್ವಂತ ಸ್ನಾನದ ಕೋಣೆಯಿಲ್ಲದ ಅಗ್ಗದ ಕ್ಯಾಬಿನ್ನುಗಳು ಹಲವು ಉಳಿದವು. ಅಮೆರಿಕನ್ನರು ಒಪ್ಪದಿದ್ದ ಹಡಗನ್ನು ಬ್ರಿಟಿಷರು ಮನೆಯಂತೆ ಕಂಡರು. ಅಮೆರಿಕನ್ನರ ಕಣ್ಣಿಗೆ ಕೊರತೆಯಾಗಿ ಕಂಡದ್ದು ಇವರಿಗೆ ಕಡಿಮೆ ದರದ ಟಿಕೆಟ್ ಆಗಿತ್ತು. ಬಿಸಿಲಿಗೆ ತೆರೆದ ಅಗಲವಾದ ಡೆಕ್, ಪರಿಚಿತ ಊಟ, ತಮ್ಮದೇ ಬಂದರು ಸಿಕ್ಕವು; ವಿಮಾನ ಹತ್ತುವ ತಾಪತ್ರಯವೂ ಇರಲಿಲ್ಲ. 1997ರಲ್ಲಿ ಪಾಕಿಸ್ತಾನದ ಗಡಾನಿಯಲ್ಲಿ ಒಡೆಯುವವರೆಗೂ ಅದಕ್ಕೆ ಪ್ರಯಾಣಿಕರ ಕೊರತೆ ಬರಲಿಲ್ಲ.

1990ರ ದಶಕದಲ್ಲಿ ಹಾದಿ ತಿರುಗಿತು. ಅದುವರೆಗೆ ಬ್ರಿಟಿಷ್ ಕಂಪನಿಗಳು ಹೆಚ್ಚಾಗಿ ತಮ್ಮದೇ ಹಳೆಯ ಹಡಗುಗಳನ್ನು ಮಾರ್ಪಡಿಸುತ್ತಿದ್ದವು. ಈಗ ಅಮೆರಿಕನ್ ಮತ್ತು ಯುರೋಪಿಯನ್ ಕಂಪನಿಗಳು ಬಳಸಿ ಬಿಟ್ಟ ಹಡಗುಗಳನ್ನು ಕೊಳ್ಳತೊಡಗಿದವು. ಪ್ಯಾಕೇಜ್ ಪ್ರವಾಸದ ಏರ್‌ಟೂರ್ಸ್ 1995ರಲ್ಲಿ ‘ನಾರ್ಡಿಕ್ ಪ್ರಿನ್ಸ್’ ಕೊಂಡು ‘ಕ್ಯಾರೊಸೆಲ್’ ಮಾಡಿತು. ಐವತ್ತು ದಾಟಿದವರ ಪ್ರವಾಸ ಸಂಸ್ಥೆಯಾದ ಸಾಗಾ 1965ರ ‘ಸಾಗಾಫ್ಯೋರ್ಡ್’ ಅನ್ನು ‘ಸಾಗಾ ರೋಸ್’ ಆಗಿ 1997ರಲ್ಲಿ ಓಡಿಸಿತು. ಫ್ರೆಡ್ ಓಲ್ಸೆನ್ ಕಂಪನಿ 1972ರ ‘ರಾಯಲ್ ವೈಕಿಂಗ್ ಸ್ಟಾರ್’ ಅನ್ನು 1996ರಲ್ಲಿ ‘ಬ್ಲ್ಯಾಕ್ ವಾಚ್’ ಎಂದು ಕರೆಯಿತು. ಥಾಮ್ಸನ್ ಕಂಪನಿ ಹಾಲೆಂಡ್ ಅಮೆರಿಕ ಸಂಸ್ಥೆಯ 1984ರ ‘ನೂರ್ಡಾಮ್’ ಅನ್ನು 2005ರಲ್ಲಿ ‘ಥಾಮ್ಸನ್ ಸೆಲೆಬ್ರೇಶನ್’ ಮಾಡಿತು.

ಹೊಸ ಹಡಗಿಗೆ ಬೇಕಾದ ಬಂಡವಾಳ ಇವರಲ್ಲಿ ಇರಲಿಲ್ಲ ಎಂಬುದು ಅರ್ಧ ಉತ್ತರ ಮಾತ್ರ. ಅಮೆರಿಕನ್ ಕಂಪನಿಗಳ ಹೊಸ ಹಡಗುಗಳು ಬೆಳೆದು ಬೆಳೆದು ಬ್ರಿಟನ್ನಿನ ಎಷ್ಟೋ ಬಂದರುಗಳಿಗೆ ಒಗ್ಗದಂತಾಗಿದ್ದವು. ಇಪ್ಪತ್ತು-ಮೂವತ್ತು ಸಾವಿರ ಟನ್ನಿನ ಹಳೆಯ ಹಡಗು ಡೋವರ್, ಲೀತ್, ಏವನ್‌ಮತ್‌ಗಳಂಥ ಬಂದರುಗಳಿಂದ ಸಲೀಸಾಗಿ ಹೊರಡುತ್ತಿತ್ತು. ನಾರ್ವೆಯ ಕಿರಿದಾದ ಫ್ಯೋರ್ಡುಗಳ ಒಳಗೂ ನುಗ್ಗುತ್ತಿತ್ತು. ಮನೆಯಿಂದ ಬಸ್ಸಿನಲ್ಲೋ ಕಾರಿನಲ್ಲೋ ಬಂದು ಹಡಗು ಹತ್ತಬಹುದು ಎಂಬುದು ಹಿರಿಯರಿಗೆ ದೊಡ್ಡ ಅನುಕೂಲ.

ಒಳಮೈಯಲ್ಲಿ ಏನು ಬದಲಾಯಿತು? ಅಮೆರಿಕನ್ನರಿಗೆ ಬೇಕಿದ್ದ ದೊಡ್ಡ ಕ್ಯಾಸಿನೊ ಕುಗ್ಗಿತು. ಪಬ್, ಗ್ರಂಥಾಲಯ, ಬ್ರಿಜ್ ಆಡುವ ಕೋಣೆ ಬಂದವು. ಕ್ಯಾಬಿನ್ನಿನಲ್ಲಿ ಚಹಾ ಮಾಡಿಕೊಳ್ಳಲು ಕೆಟಲ್ ಬಂತು. ಅದು ಬಂದಾಗ ಮೂರು ಕಡ್ಡಿಯ ಬ್ರಿಟಿಷ್ ಪ್ಲಗ್ಗಿಗೆ ತಕ್ಕ ವಿದ್ಯುತ್ ವ್ಯವಸ್ಥೆಯನ್ನೂ ಯೋಚಿಸಬೇಕಾಯಿತು. ಬಿಲ್ಲು ಡಾಲರಿನಿಂದ ಪೌಂಡಿಗೆ ತಿರುಗಿತು. ಸಂಗಾತಿ ತೀರಿಕೊಂಡವರು, ಒಬ್ಬರೇ ಹೊರಡುವವರು ಹೆಚ್ಚಿದ್ದರಿಂದ ಒಂಟಿ ಕ್ಯಾಬಿನ್ನುಗಳಿಗೆ ಬೆಲೆ ಬಂತು. ಸಾಗಾ ಮತ್ತು ಫ್ರೆಡ್ ಓಲ್ಸೆನ್ ಹೆಸರು ಮಾಡಿದ್ದೇ ಇದರಲ್ಲಿ. ಹಡಗನ್ನು ಸುತ್ತುವರಿದ ನಡಿಗೆಯ ಡೆಕ್ಕನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಊಟವಾದ ಮೇಲೆ ಸುತ್ತು ಹಾಕುವ ಬ್ರಿಟಿಷ್ ಪ್ರಯಾಣಿಕನಿಗೆ ಅದು ಬೇಕೇ ಬೇಕು.

ಈ ಅಭ್ಯಾಸಗಳಲ್ಲಿ ಹಲವು ಪೂರ್ವದ ಮಾರ್ಗದಲ್ಲೇ ರೂಢಿಯಾದವು ಎಂಬುದು ನನ್ನ ವಾದ. ಕೆಂಪು ಸಮುದ್ರದ ಸೆಕೆಯಲ್ಲಿ ಕ್ಯಾಬಿನ್ ಬಿಟ್ಟು ಡೆಕ್ಕಿನಲ್ಲಿ ದಿನ ಕಳೆಯುವುದು, ಆರಾಮ ಕುರ್ಚಿ, ಡೆಕ್ಕಿನ ಆಟಗಳು, ಮಧ್ಯಾಹ್ನದ ಕರಿ ಅನ್ನ, ಗೋವಾದ ಪರಿಚಾರಕ, ಇವೆಲ್ಲ ಭಾರತಕ್ಕೆ ಬಂದುಹೋಗುವವರ ಬದುಕಿನ ಭಾಗವಾಗಿದ್ದವು. ಪಿ ಅಂಡ್ ಓ 2010ರಲ್ಲಿ ಇಳಿಸಿದ ‘ಅಜೂರಾ’ ಎಂಬ ಹೊಚ್ಚ ಹೊಸ ಹಡಗಿನಲ್ಲೂ ಬಾಣಸಿಗ ಅತುಲ್ ಕೊಚ್ಚರ್ ಅವರ ಭಾರತೀಯ ಅಡುಗೆಯ ‘ಸಿಂಧು’ ಭೋಜನಶಾಲೆಗೆ ಜಾಗ ಸಿಕ್ಕಿತು.

ತಾಂತ್ರಿಕವಾಗಿ ಅತ್ಯಂತ ಸಾಹಸದ ಮಾರ್ಪಾಡು ಹಡಗನ್ನು ಉದ್ದ ಮಾಡುವುದು. ಒಣ ಹಡಗುಕಟ್ಟೆಗೆ ತಂದು, ನಡುವೆ ಅಡ್ಡಲಾಗಿ ಕತ್ತರಿಸಿ, ಎರಡು ಭಾಗಗಳನ್ನು ದೂರ ಸರಿಸಿ, ಮೊದಲೇ ಕಟ್ಟಿಟ್ಟ ಹೊಸ ತುಂಡನ್ನು ನಡುವೆ ಕೂರಿಸಿ ಬೆಸೆಯುತ್ತಾರೆ. ನೀರಿನ ಕೊಳವೆ, ವಿದ್ಯುತ್ ತಂತಿ, ಗಾಳಿಯ ನಾಳ ಎಲ್ಲವೂ ಬೆರಳಗಲ ತಪ್ಪದೆ ಕೂಡಬೇಕು. ಫ್ರೆಡ್ ಓಲ್ಸೆನ್ ತನ್ನ ‘ಬ್ರೇಮರ್’ ಮತ್ತು ‘ಬಾಲ್‌ಮೋರಲ್’ ಹಡಗುಗಳಿಗೆ ಹ್ಯಾಂಬರ್ಗಿನ ಬ್ಲೋಮ್ ಉಂಡ್ ಫೋಸ್ ಕಟ್ಟೆಯಲ್ಲಿ ತಲಾ ಸುಮಾರು 30 ಮೀಟರ್ ಸೇರಿಸಿತು. 2008ರಲ್ಲಿ ಎರಡೂ ಹೊಸ ಉದ್ದದಲ್ಲಿ ಓಡತೊಡಗಿದವು. ಕ್ಯಾಪ್ಟನ್ ಒಬ್ಬನೇ, ಹಡಗು ಒಂದೇ, ದುಡ್ಡು ತರುವ ಕ್ಯಾಬಿನ್ನುಗಳು ಮಾತ್ರ ಹೆಚ್ಚು. ಲೆಕ್ಕ ಸರಳ.

ಇಲ್ಲಿ ಕೊಡಗಿನ ಬಂಗಲೆಗೆ ಬರಬೇಕು. 1922ರಲ್ಲಿ ಮ್ಯಾಥೆಸನ್ ಸಂಸ್ಥೆ ಪಾಲಿಬೆಟ್ಟದಲ್ಲಿ ಕಟ್ಟಿದ ಕೂರ್ಗ್ ಕಂಪನಿಯೇ 1943ರಲ್ಲಿ ಕನ್ಸಾಲಿಡೇಟೆಡ್ ಕಾಫಿಯಾಗಿ, 1990ರ ದಶಕದ ಆರಂಭದಲ್ಲಿ ಟಾಟಾ ಸಮೂಹದ ಕೈ ಸೇರಿತು. ಮ್ಯಾನೇಜರುಗಳಿಗೆಂದು ಕಟ್ಟಿದ ಅದರ ಹಲವು ಬಂಗಲೆಗಳು ಪ್ರವಾಸಿಗರ ತಂಗುದಾಣಗಳಾದವು. ಸಿದ್ದಾಪುರದ ಬಳಿಯ ಕರಡಿಗೋಡಿನಲ್ಲಿ ತೋಟದ ನಡುವೆಯೇ ರೆಸಾರ್ಟ್ ಎದ್ದಿತು. ಚೆಟ್ಟಳ್ಳಿಯ ಆಸುಪಾಸಿನಲ್ಲಿ ಹೋಂಸ್ಟೇ ಬೋರ್ಡು ಈಗ ಮಾಮೂಲು. ಮಾರ್ಪಾಡಿನ ಕ್ರಮ ಹಡಗಿನದೇ. ಮಂಗಳೂರು ಹೆಂಚಿನ ಮಾಡು, ಅಗಲ ವರಾಂಡ, ಅಗ್ಗಿಷ್ಟಿಕೆ ಉಳಿಯುತ್ತವೆ. ಮಲಗುವ ಕೋಣೆಗೊಂದು ಬಚ್ಚಲು, ಗೀಸರ್, ಹೊರಗಿದ್ದ ಅಡುಗೆಮನೆಯ ಬದಲು ಒಳಗಿನ ಅಡುಗೆಮನೆ ಬರುತ್ತವೆ. ಊಟದ ಮೇಜಿಗೆ ಪಂದಿಕರಿ, ಕಡಂಬುಟ್ಟು ಬಂದಿರುವುದು ದೊರೆಗಳ ಕಾಲದಿಂದ ಆದ ಸಂತೋಷದ ಬದಲಾವಣೆ.

ಮುಟ್ಟದೆ ಬಿಟ್ಟದ್ದೇನು ಎಂದು ಕೇಳಿದಾಗ ಮನಸ್ಸು ಕಹಿಯಾಗುತ್ತದೆ. ಬಂಗಲೆ ಹೊಳೆಯುವಾಗಲೂ ಎಷ್ಟೋ ತೋಟಗಳಲ್ಲಿ ಕಾರ್ಮಿಕರ ಲೈನ್ ಮನೆಗಳು ಹಾಗೆಯೇ ಇವೆ. ಹಡಗಿನಲ್ಲಿ ನೀರಿನ ಮಟ್ಟಕ್ಕೆ ಹತ್ತಿರದ, ಕಿಟಕಿಯಿಲ್ಲದ ಕೆಳ ಡೆಕ್ಕುಗಳಲ್ಲಿ ಸಿಬ್ಬಂದಿ ಹಂಚಿಕೊಂಡು ಮಲಗುತ್ತಾರೆ. ಅವರಲ್ಲಿ ಭಾರತೀಯರು, ಫಿಲಿಪ್ಪೀನ್ಸಿನವರು ಬಹಳ. ನವೀಕರಣದ ಜಾಹೀರಾತಿನಲ್ಲಿ ಆ ಡೆಕ್ಕುಗಳ ಚಿತ್ರ ಇರುವುದಿಲ್ಲ. ಈ ವಿಷಯದ ಯಾವ ಚರಿತ್ರೆಯಾದರೂ ಲೈನ್ ಮನೆಯನ್ನೂ ಕೆಳ ಡೆಕ್ಕನ್ನೂ ಒಳಗೊಳ್ಳದಿದ್ದರೆ ಅದು ಅರ್ಧ ಚರಿತ್ರೆ.

ಹಳೆಯ ಹಡಗುಗಳ ಆಯುಷ್ಯವನ್ನು ಕೊನೆಗೆ ನಿರ್ಧರಿಸಿದ್ದು ಬೆಂಕಿಯ ನಿಯಮ. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 2010ರ ಅಕ್ಟೋಬರ್ 1ರಿಂದ ಪ್ರಯಾಣಿಕ ಹಡಗಿನ ಕಟ್ಟಡದಲ್ಲಿ ಉರಿಯುವ ಸಾಮಗ್ರಿ ಇರುವಂತಿಲ್ಲ. ಪ್ರಯಾಣಿಕರು ಮೆಚ್ಚಿದ್ದ ಮರದ ಗೋಡೆಗಳೇ ಹಡಗಿಗೆ ಮುಳುವಾದವು. ‘ಸಾಗಾ ರೋಸ್’ 2009ರಲ್ಲೇ ನಿವೃತ್ತಿಯಾಯಿತು. ನಿಯಮ ಸರಿಯಾದದ್ದೇ, ಸಾವಿರ ಜನ ಮಲಗಿರುವಲ್ಲಿ ಅಂದಕ್ಕಿಂತ ಜೀವ ದೊಡ್ಡದು. ಉಳಿದ ಹಲವು ಹಡಗುಗಳನ್ನು ಕೊರೊನಾ ತೆಗೆದುಕೊಂಡು ಹೋಯಿತು. 2020ರಲ್ಲಿ ಕ್ರೂಸ್ ಅಂಡ್ ಮ್ಯಾರಿಟೈಮ್ ವೋಯೇಜಸ್ ದಿವಾಳಿಯಾದ ಮೇಲೆ ಅದರ ‘ಕೊಲಂಬಸ್’, ‘ಮೆಗೆಲನ್’, ‘ಮಾರ್ಕೊ ಪೋಲೊ’ ಮೂರೂ ಗುಜರಾತಿನ ಅಲಂಗ್ ಕಡಲತೀರಕ್ಕೆ ಬಂದವು. ಖಂಭಾತ್ ಕೊಲ್ಲಿಯ ದೊಡ್ಡ ಭರತದಲ್ಲಿ ಹಡಗನ್ನು ದಡಕ್ಕೇರಿಸಿ ಅಲ್ಲಿ ಒಡೆಯುತ್ತಾರೆ. ಅವುಗಳ ಕುರ್ಚಿ, ಪಿಂಗಾಣಿ, ಹಾಸಿಗೆಗಳು ಅಲಂಗ್ ರಸ್ತೆಬದಿಯ ಅಂಗಡಿಗಳಲ್ಲಿ ಮಾರಾಟವಾಗುತ್ತವೆ.

ಎರಡು ಸೋದರ ಹಡಗುಗಳ ಕಥೆ ಈ ಇಡೀ ಚರಿತ್ರೆಯನ್ನು ಒಂದೆಡೆ ತೋರಿಸುತ್ತದೆ. ಇಟಲಿಯ ಮೋನ್‌ಫಾಲ್ಕೋನೆಯಲ್ಲಿ ಕಟ್ಟಿದ, ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ‘ಕ್ರೌನ್ ಪ್ರಿನ್ಸೆಸ್’ (1990) ಮತ್ತು ‘ರೀಗಲ್ ಪ್ರಿನ್ಸೆಸ್’ (1991) ತಲಾ ಸುಮಾರು 70,000 ಟನ್ನಿನವು. ಮೊದಲನೆಯದು ಜರ್ಮನ್ನರಿಗಾಗಿ ಮಾರ್ಪಟ್ಟು, 2007ರಲ್ಲಿ ಬ್ರಿಟಿಷರ ‘ಓಷನ್ ವಿಲೇಜ್ ಟೂ’ ಆಯಿತು. ಸೂಟುಬೂಟಿನ ಶಿಸ್ತು ಬೇಡವೆನ್ನುವ ಬ್ರಿಟಿಷರಿಗಾಗಿ ತೆರೆದ ಹಡಗು ಅದು. ನಂತರ ಆಸ್ಟ್ರೇಲಿಯಕ್ಕೆ ಹೋಗಿ, 2019ರಲ್ಲಿ ಮುಂಬಯಿಗೆ ಬಂದು ಜಲೇಶ್ ಕಂಪನಿಯ ‘ಕರ್ಣಿಕಾ’ ಆಯಿತು. ಕೆಟಲ್ ಮತ್ತು ಪಬ್ಬಿಗಾಗಿ ತಿದ್ದಿದ ಹಡಗಿನಲ್ಲಿ ಈಗ ಸಸ್ಯಾಹಾರ, ಜೈನ ಊಟದ ಏರ್ಪಾಡು ಆಯಿತು. ಒಂದು ವರ್ಷ ಓಡಿದ ಮೇಲೆ ಅದೂ 2020ರಲ್ಲಿ ಅಲಂಗ್ ಸೇರಿತು. ಎರಡನೆಯದನ್ನೂ ಗುಜರಿಗೆ ಮಾರುವ ಮಾತಾಗಿತ್ತು. ಆದರೆ ಆಂಬಾಸಿಡರ್ ಎಂಬ ಹೊಸ ಬ್ರಿಟಿಷ್ ಕಂಪನಿ ಅದನ್ನು ಕೊಂಡು, ‘ಆಂಬಿಯನ್ಸ್’ ಎಂದು ಹೆಸರಿಟ್ಟು, 2022ರ ಏಪ್ರಿಲ್‌ನಲ್ಲಿ ಟಿಲ್‌ಬರಿಯಿಂದ ಹೊರಡಿಸಿತು.

ಹಡಗಿನ ಪ್ರತಿ ಮಾರ್ಪಾಡಿಗೂ ಡೆಕ್ಕಿನ ನಕ್ಷೆ ಮುದ್ರಣವಾಗುತ್ತದೆ. ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಯಾವ ಗೋಡೆ ಯಾವಾಗ ಹೋಯಿತು ಎಂದು ಹೇಳಬಹುದು. ಕೊಡಗಿನ ಬಂಗಲೆಗಳ ವಿಷಯದಲ್ಲಿ ಅಂಥ ದಾಖಲೆ ಇದ್ದರೆ ತೋಟದ ಕಚೇರಿಗಳ ಹಳೆಯ ಪೆಟ್ಟಿಗೆಗಳಲ್ಲಿ, ರಿಪೇರಿಯ ಖರ್ಚು ಬರೆದ ಲೆಕ್ಕದ ಪುಸ್ತಕಗಳಲ್ಲಿ ಇರಬೇಕು. ತೋಟ ಕೈ ಬದಲಾಯಿಸಿದಾಗ ಮೊದಲು ಒಲೆ ಸೇರುವುದು ಅವೇ. ಬಂಗಲೆಯ ಹೆಂಚು ತೆಗೆಸುವ ಮುನ್ನ ಆ ಪುಸ್ತಕಗಳನ್ನೂ, ಲೈನ್ ಮನೆಗಳ ಪಟ್ಟಿಯನ್ನೂ ಮಡಿಕೇರಿಯ ಯಾವುದಾದರೂ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಚೆಟ್ಟಳ್ಳಿ, ಸಿದ್ದಾಪುರ, ಪಾಲಿಬೆಟ್ಟದ ತೋಟಗಾರರಲ್ಲಿ ಕೇಳಿಕೊಳ್ಳುತ್ತೇನೆ.