ಗಾಂಜಾಕ್ಕೂ ಒಂದು ಪರವಾನಗಿ ಇತ್ತು

ವಿಜಯಪುರ ಜಿಲ್ಲೆಯ ಹೊಲಗಳಲ್ಲಿ ಕಬ್ಬು, ತೊಗರಿಯ ನಡುವೆ ಬೆಳೆದ ಗಾಂಜಾ ಗಿಡಗಳನ್ನು ಕಿತ್ತು ರೈತನನ್ನು ಹಿಡಿದೊಯ್ದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಇದೇ ಗಾಂಜಾವನ್ನು ಅಂಗಡಿಯಲ್ಲಿಟ್ಟು ಮಾರಲು ಸರಕಾರವೇ ಪರವಾನಗಿ ಕೊಡುತ್ತಿದ್ದ ಕಾಲವೊಂದಿತ್ತು.

ಅಬಕಾರಿ ಫಾರ್ಸಿ ಮಾತು. ಆಬ್ ಎಂದರೆ ನೀರು. ನೀರಿನ ಕೆಲಸ, ಅಂದರೆ ಭಟ್ಟಿ ಇಳಿಸುವುದು. 1878ರ ಮುಂಬಯಿ ಅಬಕಾರಿ ಕಾಯ್ದೆ ಸೆರೆ, ಸೇಂದಿಯ ಜೊತೆ ಗಾಂಜಾ, ಭಂಗಿಗಳನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡಿತು. ನೀರಿನ ಇಲಾಖೆಗೆ ಹೊಗೆಯೂ ಸೇರಿತು! ವಿಜಾಪುರ, ಬಬಲೇಶ್ವರಗಳೆಲ್ಲ ಆಗ ಮುಂಬಯಿ ಪ್ರಾಂತ್ಯದ ಸೀಮೆ.

ಗಾಂಜಾವನ್ನು ಪೂರ್ತಿ ನಿಷೇಧಿಸಬೇಕೇ ಎಂಬ ಪ್ರಶ್ನೆ 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದಿತು. ವಿಚಾರಣೆಗೆ ನೇಮಕವಾದ ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಮಿತವಾದ ಸೇವನೆಯಿಂದ ಹೆಚ್ಚಿನ ಹಾನಿಯಿಲ್ಲ, ನಿಷೇಧಿಸಿದರೆ ಸಾಧುಗಳು, ಫಕೀರರು ಅಸಮಾಧಾನಗೊಳ್ಳುತ್ತಾರೆ ಎಂದು 1894ರ ವರದಿ ಹೇಳಿತು. ಅಲ್ಲಿಯವರೆಗೆ ವಿವೇಕದ ಮಾತೇ. ಮುಂದಿನದು ಖಜಾನೆಯ ಲೆಕ್ಕ: ಸುಂಕ ಹಾಕಿ, ಮಾರುವ ಹಕ್ಕನ್ನು ಲಿಲಾವು ಮಾಡಿ, ಅಂಗಡಿಗಳನ್ನು ಕಡಿಮೆ ಮಾಡಿ, ಪರವಾನಗಿ ಇಲ್ಲದ ಬೇಸಾಯ ನಿಲ್ಲಿಸಿ, ಬೆಳೆಯನ್ನು ಕೆಲವೇ ಕಡೆ ಒಟ್ಟುಗೂಡಿಸಿ. ಲಿಲಾವಿನಲ್ಲಿ ಕೂಗುವವನು ಯಾರು? ಗಂಟಿದ್ದವನು. ಒಣಭೂಮಿಯ ಸಣ್ಣ ರೈತನಂತೂ ಅಲ್ಲ.

ಯಾವ ಗಿಡ ಹರಾಮು, ಯಾವುದು ವ್ಯಾಪಾರ ಎಂಬುದನ್ನು ದೊರೆಗಳು ತಮಗೆ ತೋಚಿದಂತೆ ಬದಲಿಸಿದ್ದಾರೆ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ವಿಜಾಪುರಕ್ಕೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಇಲ್ಲಿ ಕಂಡ ತಂಬಾಕನ್ನು ಅಕ್ಬರನ ದರಬಾರಿಗೆ ಒಯ್ದ. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದ. ಇಂದು ನಿಪ್ಪಾಣಿಯ ತಂಬಾಕು ತೆರಿಗೆ ಕಟ್ಟಿ ರಾಜಾರೋಷವಾಗಿ ಮಾರಾಟವಾಗುತ್ತದೆ.

ಗಾಂಜಾದ ದಾರಿ ಬೇರೆಯಾಯಿತು. 1961ರ ಅಂತಾರಾಷ್ಟ್ರೀಯ ಒಪ್ಪಂದದ ಹಿನ್ನೆಲೆಯಲ್ಲಿ ಬಂದ ಮಾದಕ ವಸ್ತು ಕಾಯ್ದೆ 1985ರ ನವೆಂಬರ್ 14ರಂದು ಜಾರಿಯಾಯಿತು. ಹೂ ಕಾಯಿಯ ತುದಿ ಗಾಂಜಾ, ಅಪರಾಧ. ಬರೀ ಎಲೆ ಅದರಲ್ಲಿಲ್ಲ. ಹಾಗಾಗಿಯೇ 2022ರಲ್ಲಿ ನಮ್ಮ ಹೈಕೋರ್ಟು ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿತು. ಅದೇ ಕಾಯ್ದೆಯಲ್ಲಿ ಪರವಾನಗಿಯ ಕಿಂಡಿಯೂ ಇದೆ. ಅದರ ಮೂಲಕ ಉತ್ತರಾಖಂಡ 2018ರಲ್ಲಿ ನಾರಿಗಾಗಿ, ಅಮಲು ತೀರ ಕಡಿಮೆಯಿರುವ ತಳಿ ಬೆಳೆಯಲು ಅನುಮತಿ ನೀಡಿತು. ಕೆನಡಾ 2018ರಲ್ಲಿ ಅಂಗಡಿಗಳನ್ನೇ ತೆರೆಸಿತು.

ಪರವಾನಗಿ ಇಲ್ಲದೆ ಬೆಳೆದವನಿಗೆ ಇಲ್ಲಿ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಗಾಂಜಾ ಇಟ್ಟುಕೊಂಡವನಿಗಾದರೆ ಒಂದು ಕಿಲೋ, ಇಪ್ಪತ್ತು ಕಿಲೋ ಎಂದು ತೂಕ ನೋಡಿ ಶಿಕ್ಷೆಯ ಮೆಟ್ಟಿಲುಗಳಿವೆ. ಬೆಳೆದವನಿಗೆ ಆ ತಕ್ಕಡಿ ಇಲ್ಲ. ಬದುವಿನ ಎರಡು ಗಿಡಕ್ಕೂ ಎರಡು ಎಕರೆಗೂ ಕಲಂ ಒಂದೇ.