ಜಾಗ ಸಾಲದಾದಾಗ

ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರೆಂದರೆ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಇಳಿಯುವ ಕೊನೆಯ ನಿಮಿಷಗಳಲ್ಲಿ ಆ ನೌಕೆಯ ಕಂಪ್ಯೂಟರಿಗೆ ನೆನಪಿನಲ್ಲಿ ಜಾಗವೇ ಸಾಲದೆ ಹೋಗಿತ್ತು ಎಂಬುದು ನಾನು ಪಾಠ ಮಾಡಿದ ಪುಸ್ತಕಗಳಲ್ಲಿ ಇರಲಿಲ್ಲ.

ಅಪೊಲೊ 11ರ ಆ ಕಂಪ್ಯೂಟರಿಗೆ ಎರಡು ಬಗೆಯ ನೆನಪು. ಒಂದು ಅಳಿಸಲಾಗದ್ದು, 36,864 ಮನೆಗಳದು. ಅಮೆರಿಕದ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಕೂತು, ಪುಟ್ಟ ಕಾಂತದ ಉಂಗುರಗಳಲ್ಲಿ ತಂತಿ ಪೋಣಿಸಿ ಅದನ್ನು ನೇಯ್ದರು. ತಂತಿ ಉಂಗುರದೊಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ. ಇನ್ನೊಂದು ಸ್ಲೇಟಿನಂತೆ ಅಳಿಸಿ ಬರೆಯುವಂಥದು. ಅದರಲ್ಲಿ 2,048 ಮನೆಗಳು ಮಾತ್ರ. ಪ್ರತಿ ಕೆಲಸವೂ ಆ ಸ್ಲೇಟಿನಲ್ಲಿ ಒಂದಿಷ್ಟು ಜಾಗ ಕೇಳಿ ಪಡೆದು, ಮುಗಿದ ಮೇಲೆ ಬಿಟ್ಟುಕೊಡಬೇಕು.

1969ರ ಜುಲೈ 20. ನಮ್ಮಲ್ಲಿ ಆಗಲೇ 21ರ ನಡುರಾತ್ರಿ ಕಳೆದಿತ್ತು. ನೌಕೆ ಚಂದ್ರನಿಂದ ಸುಮಾರು 33,000 ಅಡಿ ಮೇಲಿದ್ದಾಗ ‘1202’ ಎಂಬ ಎಚ್ಚರಿಕೆ ಮೂಡಿತು. ಆಗ ಬೇಕಿಲ್ಲದ ಒಂದು ರೇಡಾರ್ ಸುಮ್ಮನೆ ಸಂಕೇತ ಕಳಿಸುತ್ತ ಕಂಪ್ಯೂಟರಿನ ಹೊತ್ತು ತಿನ್ನುತ್ತಿತ್ತು. ಹಳೆಯ ಕೆಲಸ ಮುಗಿಯುವ ಮೊದಲೇ ಹೊಸದು ಬಂದು ನಿಂತಿತು. ನಾಲ್ಕೇ ತಟ್ಟೆಯ ಮನೆಯಲ್ಲಿ ಮೊದಲ ಪಂಕ್ತಿ ಏಳುವುದರೊಳಗೆ ಎರಡನೆಯ ಪಂಕ್ತಿಯವರು ಬಂದ ಹಾಗೆ.

ಜಾಗವಿಲ್ಲವೆಂದು ಬೇರೆ ಕೆಲಸದ ಲೆಕ್ಕದ ಮೇಲೆಯೇ ಬರೆದುಬಿಟ್ಟರೆ ಎರಡೂ ಕೆಟ್ಟವು. ಸುಮ್ಮನೆ ನಿಂತುಬಿಟ್ಟರೆ ಒಳಗಿದ್ದವರ ಗತಿಯೇನು? ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಇದನ್ನು ಮೊದಲೇ ಯೋಚಿಸಿದ್ದರು. ಹಾಲ್ ಲ್ಯಾನಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ಪ್ರತಿ ಕೆಲಸಕ್ಕೂ ಅದರ ಮಹತ್ವದ ಅಂಕೆಯಿತ್ತು. ಮಾರ್ಗರೆಟ್ ಹ್ಯಾಮಿಲ್ಟನ್ ಮುಂದಾಳಾಗಿದ್ದ ತಂಡ ಅದರ ಮೇಲೆ ಹಾರಾಟದ ಕಾರ್ಯಕ್ರಮ ಬರೆದಿತ್ತು. ಜಾಗ ತುಂಬಿದೊಡನೆ ಕಂಪ್ಯೂಟರ್ ಸ್ಲೇಟಿನ ಆ ಭಾಗ ಒರೆಸಿ, ಗುರುತಿಟ್ಟುಕೊಂಡ ಕಡೆಯಿಂದ ಎಂಜಿನ್ನು, ದಾರಿ ಇವನ್ನು ಮತ್ತೆ ಎತ್ತಿಕೊಂಡಿತು. ಪರದೆಗೆ ಅಂಕಿ ತೋರಿಸುವಂಥ ಸಣ್ಣ ಕೆಲಸ ಕೈಬಿಟ್ಟಿತು.

ಕೆಲವೇ ದಿನಗಳ ಹಿಂದೆ ನಡೆದ ಅಭ್ಯಾಸದಲ್ಲಿ ಇಂಥದೇ ಎಚ್ಚರಿಕೆ ಬಂದಾಗ ಇಳಿಯುವುದನ್ನೇ ರದ್ದು ಮಾಡಿದ್ದರು. ಆ ಮೇಲೆ ಜ್ಯಾಕ್ ಗಾರ್ಮನ್ ಎಂಬ 24ರ ಹುಡುಗ ಎಲ್ಲ ಎಚ್ಚರಿಕೆಗಳ ಅರ್ಥವನ್ನು ಕೈಯಾರೆ ಬರೆದಿಟ್ಟುಕೊಂಡ. ಅಂದು ಆ ಹಾಳೆ ನೋಡಿಯೇ ಅವನು, ಒಂದೇ ಸಮನೆ ಬಾರದಿದ್ದರೆ ಮುಂದುವರಿಯಬಹುದು ಎಂದ. ಸ್ಟೀವ್ ಬೇಲ್ಸ್ ಒಪ್ಪಿಗೆ ಕೊಟ್ಟ. ಎಚ್ಚರಿಕೆ ಒಟ್ಟು ಐದು ಸಲ ಬಂತು. ನಮ್ಮ ಗಡಿಯಾರದ 1 ಗಂಟೆ 47 ನಿಮಿಷಕ್ಕೆ ನೌಕೆ ಇಳಿಯಿತು. ಹ್ಯಾಮಿಲ್ಟನ್ ಅವರಿಗೆ ಅಮೆರಿಕದ ಅಧ್ಯಕ್ಷರ ಪದಕ ದೊರೆತದ್ದು 2016ರಲ್ಲಿ.

ಎಲ್ಲವನ್ನೂ ಹಿಡಿದುಕೊಂಡೇ ಇರಬೇಕೆಂದು ನಮಗೆ, ಹೆಂಗಸರಿಗೆ, ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಕೈ ತುಂಬಿದಾಗ ಯಾವುದನ್ನು ಕೆಳಗಿಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಅದನ್ನು ಬಿಡುವಿದ್ದಾಗಲೇ ಯೋಚಿಸಿಟ್ಟುಕೊಳ್ಳಬೇಕು. ಗಾಬರಿಯ ಹೊತ್ತಿನಲ್ಲಿ ಅದು ಹೊಳೆಯುವುದಿಲ್ಲ.