ಕೃತಕ ದೃಷ್ಟಿಯಂತ್ರಗಳ ಆಶ್ವಾಸನೆಯೂ ಎಲ್ಲೆಯೂ: ಬೆಳುಗುಪ್ಪ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಆಂಧ್ರಪ್ರದೇಶದ ಹಿಂದಿನ ಅವಿಭಜಿತ ಅನಂತಪುರ ಜಿಲ್ಲೆಯ, ಕರ್ನಾಟಕದ ಗಡಿಯತ್ತಣ ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ, ದಕ್ಷಿಣ ಭಾರತದ ಇತರೆಡೆಗಳಂತೆಯೇ, ಅಕ್ಕನ ಮಗಳನ್ನು ತಮ್ಮನಿಗೆ ತರುವ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ನೇತ್ರವಿಜ್ಞಾನದ ಚರ್ಚೆಯನ್ನು ಇಲ್ಲಿಂದಲೇ ಆರಂಭಿಸುವುದಕ್ಕೆ ಕಾರಣವುಂಟು. ಅಕ್ಷಿಪಟಲದ ಕೃತಕ ಯಂತ್ರಗಳು ಮೊದಲು ಗುರಿಯಾಗಿಟ್ಟುಕೊಂಡ ವ್ಯಾಧಿ ರೆಟಿನೈಟಿಸ್ ಪಿಗ್ಮೆಂಟೋಸಾ. ತಾಯಿತಂದೆಗಳಿಬ್ಬರಲ್ಲಿಯೂ ಗುಪ್ತವಾಗಿದ್ದ ವಂಶವಾಹಿ ದೋಷವು ಮಗುವಿನಲ್ಲಿ ಕೂಡಿದಾಗ ಪ್ರಕಟವಾಗುವ ಅದರ ಪ್ರಭೇದಗಳು ರಕ್ತಸಂಬಂಧದ ವಿವಾಹಗಳಲ್ಲಿ ಅಧಿಕ. ಜಗತ್ತಿನಲ್ಲಿ 4000 ಜನಕ್ಕೊಬ್ಬರೆಂದು ಎಣಿಸಲಾಗುವ ಈ ವ್ಯಾಧಿ ನಾಗಪುರದ ಸುತ್ತಣ ಹಳ್ಳಿಗಳ ಸಮೀಕ್ಷೆಯಲ್ಲಿ ಸುಮಾರು 750 ಜನಕ್ಕೊಬ್ಬರಂತೆ ಕಂಡುಬಂದಿತು. ಇರುಳುಗಣ್ಣಾಗಿ ಮೊದಲಾಗಿ, ಪಕ್ಕದ ನೋಟವನ್ನು ಮೆಲ್ಲಮೆಲ್ಲನೆ ಕಬಳಿಸಿ, ನಡುವಯಸ್ಸಿಗೆ ಕೊಳವೆಯೊಳಗಿಂದ ಕಂಡಷ್ಟೇ ಲೋಕವನ್ನು ಉಳಿಸುವ ಇದನ್ನು ಎ ಅನ್ನಾಂಗದ ಕೊರತೆಯೆಂದು ಬಗೆದು ಸೊಪ್ಪು, ಕ್ಯಾರೆಟ್ಟುಗಳಲ್ಲಿಯೇ ಕಾಲ ಕಳೆಯುವ ಮನೆಗಳಿವೆ.

ಈ ವ್ಯಾಧಿಯಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಸತ್ತರೂ ಅವುಗಳಿಂದ ಸಂಕೇತ ಪಡೆಯುವ ನರಕೋಶಗಳಲ್ಲಿ ಅನೇಕವು ಉಳಿದಿರುತ್ತವೆಂಬುದೇ ಯಂತ್ರಜ್ಞರ ಆಶೆಗೆ ಆಧಾರ. ಅಮೆರಿಕೆಯ ಸೆಕೆಂಡ್ ಸೈಟ್ ಸಂಸ್ಥೆಯ ಆರ್ಗಸ್ 2 ಎಂಬ ಸಾಧನದಲ್ಲಿ, ಕನ್ನಡಕದ ಮೇಲಣ ಕ್ಯಾಮೆರಾ ಹಿಡಿದ ದೃಶ್ಯವನ್ನು ಸೊಂಟದ ಗಣಕಯಂತ್ರವು ಸಂಕೇತಗಳಾಗಿ ಮಾರ್ಪಡಿಸಿ, ಅಕ್ಷಿಪಟಲಕ್ಕೆ ಮೊಳೆಯಿಂದ ಬಿಗಿದ 60 ವಿದ್ಯುದಗ್ರಗಳಿಗೆ ತಂತಿಯಿಲ್ಲದೆ ರವಾನಿಸುತ್ತದೆ. ದೃಷ್ಟಿನರದಲ್ಲಿರುವ ತಂತುಗಳಾದರೋ ಸುಮಾರು ಹತ್ತು ಲಕ್ಷ. ಆದುದರಿಂದ ರೋಗಿಗೆ ಕಾಣುವುದು ಮುಖವಲ್ಲ, ಮಿನುಗುವ ಚುಕ್ಕೆಗಳು. ಕ್ಯಾಮೆರಾ ಕಣ್ಣಿನೊಡನೆ ಹೊರಳದ ಕಾರಣ, ಬಾಗಿಲಿನ ಚೌಕಟ್ಟನ್ನು ತಿಳಿಯಬೇಕಾದರೆ ತಲೆಯನ್ನೇ ಅತ್ತಿತ್ತ ತಿರುಗಿಸುತ್ತ, ತಿಂಗಳುಗಟ್ಟಲೆ ಅಭ್ಯಾಸಮಾಡಬೇಕು. ಬೆಳಕೇ ಇಲ್ಲದವನಿಗೆ ಇದೂ ಅಲ್ಪವಲ್ಲ.

2013ರಲ್ಲಿ ಅಮೆರಿಕೆಯ ಸರಕಾರದ ಅನುಮತಿಯನ್ನು ಪಡೆದ ಈ ಸಾಧನದ ತಯಾರಿಕೆ 2019ರಲ್ಲಿ ನಿಂತುಹೋಯಿತು. ಅದನ್ನು ಕಣ್ಣೊಳಗೆ ಧರಿಸಿದ 350ಕ್ಕೂ ಮಿಕ್ಕಿದವರು ರಿಪೇರಿಗೂ ಬಿಡಿಭಾಗಕ್ಕೂ ಗತಿಯಿಲ್ಲದವರಾದರು. ಮಾನವದೇಹದೊಳಗೆ ಒಂದು ವ್ಯಾಪಾರಸಂಸ್ಥೆಯ ಆಯುಸ್ಸಿಗಿಂತ ಹೆಚ್ಚು ಕಾಲ ಉಳಿಯುವ ವಸ್ತುವನ್ನಿಡುವಾಗ, ಆ ಸಂಸ್ಥೆ ಇಲ್ಲವಾದ ಮೇಲೆ ಆ ವಸ್ತುವಿನ ಪೋಷಣೆಗೆ ಯಾರು ಹೊಣೆಯೆಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ಬರೆದುಕೊಡದ ಚಿಕಿತ್ಸೆಯನ್ನು ನಾನು ಪೂರ್ಣ ಚಿಕಿತ್ಸೆಯೆಂದು ಒಪ್ಪಲಾರೆ.

ಪ್ರಿಮಾ ಎಂಬ ಹೊಸ ಸಾಧನವು ಇದಕ್ಕಿಂತ ಭರವಸೆಯದು. ಎರಡು ಮಿಲಿಮೀಟರು ಅಗಲದ, 378 ಬಿಂದುಗಳ ಆ ತಗಡು, ಕನ್ನಡಕವು ಬೀರುವ ಅವಗೆಂಪು ಕಿರಣಗಳಿಂದಲೇ ಶಕ್ತಿಯನ್ನು ಪಡೆಯುತ್ತದೆ. 2025ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ, ವರ್ಷ ಪೂರೈಸಿದ 32 ಮಂದಿಯಲ್ಲಿ 26 ಮಂದಿಗೆ ಅಕ್ಷರಗಳನ್ನು ಗುರುತಿಸುವ ಶಕ್ತಿ ಗಣನೀಯವಾಗಿ ಹೆಚ್ಚಿತು. ಆದರೆ ಅವರು ವೃದ್ಧಾಪ್ಯದಲ್ಲಿ ನಡುನೋಟ ನಶಿಸಿದವರೇ ಹೊರತು ಇರುಳುಗಣ್ಣಿನ ವಂಶಗಳವರಲ್ಲ.

ನಮ್ಮ ಸೀಮೆಯ ಹಳ್ಳಿಗಳಿಗೆ ಇವುಗಳಿಂದೇನೆಂದು ಕೇಳಿದರೆ, ಸದ್ಯಕ್ಕೆ ಅತ್ಯಲ್ಪವೆಂದೇ ಹೇಳಬೇಕು. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಅಂಧತ್ವದಲ್ಲಿ ಶೇಕಡಾ 66ರಷ್ಟು ಚಿಕಿತ್ಸೆ ದೊರೆಯದ ಕಣ್ಣಿನ ಪೊರೆಯಿಂದ ಬಂದದ್ದು. ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ ಸಹಸ್ರಾರು ಜನರ ಪೊರೆ ತೆಗೆದ ಕನ್ನಡನಾಡಿನ ಮಗ್ಗುಲಲ್ಲೇ ಈ ಸ್ಥಿತಿ ಉಳಿದಿರುವುದು ವಿಷಾದಕರ. ವಂಶಪರಂಪರೆಯ ಅಂಧತ್ವಕ್ಕೆ ತಕ್ಕ ಉಪಾಯವು ಈ ಯಂತ್ರಗಳಿಗಿಂತ ಸಮೀಪದಲ್ಲಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿಯೂ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿಯೂ ವಂಶವಾಹಿ ಪರೀಕ್ಷೆಯೂ ಸಲಹೆಯೂ ದೊರೆಯುತ್ತವೆ. ಇರುಳುಗಣ್ಣಿನ ಮಗುವಿರುವ ಮನೆಯವರು ಒಳಸಂಬಂಧದಲ್ಲಿ ಮತ್ತೊಂದು ಮದುವೆಯನ್ನು ನಿಶ್ಚಯಿಸುವ ಮುನ್ನ ಆ ಸಲಹೆಯನ್ನು ಪಡೆಯುವಂತೆ ಮಾಡಬೇಕೆಂದೂ, ಊರಿನ ಆಶಾ ಕಾರ್ಯಕರ್ತೆಯರಿಗೂ ಶಾಲಾ ಉಪಾಧ್ಯಾಯರಿಗೂ ಈ ಲಕ್ಷಣವನ್ನು ಗುರುತಿಸುವ ಶಿಕ್ಷಣವನ್ನು ಕನ್ನಡ, ತೆಲುಗು ಎರಡರಲ್ಲಿಯೂ ಕೊಡಬೇಕೆಂದೂ ಆಡಳಿತವನ್ನೂ ವೈದ್ಯರನ್ನೂ ಪ್ರಾರ್ಥಿಸುತ್ತೇನೆ.